ಬಿಸಿಲು ಬಿದ್ದ ಮಾತ್ರಕ್ಕೆ ನೀರು ಬೆಚ್ಚಗಾಗಲ್ಲ: ಚಳಿಗಾಲದ ಟ್ರೌಟ್ ಪ್ರಶ್ನೆಗೆ ಉತ್ತರ

ನಿಮ್ಮ ಪ್ರಶ್ನೆ ಓದಿದೆ. ವಾರವಿಡೀ ಕೊರೆಯುವ ಚಳಿ, ಕೊನೆಗೆ ಒಂದು ದಿನ ಒಳ್ಳೆ ಬಿಸಿಲು ಬಂತು. ತಣ್ಣೀರಿನ ಮೀನಾದ ಟ್ರೌಟ್ ಹಿಡಿಯಲು ಬೆಳಗ್ಗೆ ಏಳಕ್ಕೇ ಹೊಳೆಗೆ ಇಳಿದು ಹತ್ತೂವರೆ ತನಕ ದಾರ ಬೀಸಿದಿರಿ, ಆರು ಫ್ಲೈ (ಕೊಕ್ಕೆಗೆ ಕಟ್ಟಿದ ನಕಲಿ ಹುಳ) ಬದಲಿಸಿದಿರಿ, ಒಂದು ಮೀನೂ ಮುಟ್ಟಲಿಲ್ಲ. ಈಗ ಏಳನೆಯದು ಯಾವುದು ಕಟ್ಟಲಿ ಅಂತ ಕೇಳಿದ್ದೀರಿ. ಫ್ಲೈ ಡಬ್ಬಿ ಮುಚ್ಚಿಡಿ. ನೀವು ಮನೆಗೆ ಹೊರಟ ಹೊತ್ತಿಗೆ ಮೀನು ಊಟಕ್ಕೆ ಏಳುತ್ತಿತ್ತು, ಅಷ್ಟೇ ಆಗಿದ್ದು.

ಟ್ರೌಟ್ ಮೈಗೆ ತನ್ನದೇ ಬಿಸಿ ಅಂತ ಇಲ್ಲ. ನೀರು ಎಷ್ಟು ತಣ್ಣಗಿದೆಯೋ ಅದರ ಮೈಯೂ ಹೆಚ್ಚುಕಮ್ಮಿ ಅಷ್ಟೇ ತಣ್ಣಗೆ. 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಚುರುಕಾಗಿ ಓಡಾಡಿ ತಿನ್ನುವ ಮೀನು, 4 ಡಿಗ್ರಿಗೆ ಬಂದರೆ ತಳದಲ್ಲಿ ಸುಮ್ನೆ ನಿಂತುಬಿಡುತ್ತದೆ. ತಿಂದದ್ದು ಕರಗುವುದೂ ನಿಧಾನ, ಹಾಗಾಗಿ ಹಸಿವೂ ಕಮ್ಮಿ. ಆದರೆ ನೀರು ಒಂದೆರಡು ಡಿಗ್ರಿ ಏರಿದರೂ ಅದಕ್ಕೆ ಗೊತ್ತಾಗುತ್ತದೆ. ಆ ಏರಿಕೆ ಶುರುವಾಗುವುದು ಹನ್ನೊಂದರ ಮೇಲೆ, ಬಿಸಿಲು ಹೊಳೆಯ ಮೇಲೆ ನೇರ ಬಿದ್ದ ಮೇಲೆ. ಮೂರು ಮೂರೂವರೆಗೆ ಮುಗಿಯಿತು. ಬೆಳಗ್ಗೆ ಆರಾಮಾಗಿ ತಿಂಡಿ ತಿಂದು ಹೊರಡಿ, ಚಳಿಗಾಲದಲ್ಲಿ ಇರುವ ಒಂದೇ ಸುಖ ಇದು.

ಇನ್ನೊಂದು ಮೋಸ ಇದೆ, ಇದನ್ನು ನಾನು ಕಲಿಯಲು ಎರಡು ಚಳಿಗಾಲ ಬೇಕಾಯಿತು. ದಂಡೆಯ ಮೇಲೆ, ಗುಡ್ಡದ ಮೇಲೆ ಹಿಮ ಇದ್ದರೆ ಬೆಚ್ಚಗಿನ ದಿನವೇ ಕೆಟ್ಟ ದಿನ ಆಗಬಹುದು. ಒಂದು ಸಲ ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟುವಷ್ಟು ಬಿಸಿಲು. ಹನ್ನೆರಡಕ್ಕೆ ನೀರು 5 ಡಿಗ್ರಿ ಇತ್ತು, ಎರಡು ಮೀನು ಸಿಕ್ಕಿದವು. ಒಂದೂವರೆ ಹೊತ್ತಿಗೆ ಎಲ್ಲ ಬಂದ್. ಥರ್ಮಾಮೀಟರ್ ಇಳಿಸಿ ನೋಡಿದರೆ 3! ಮೇಲೆ ಕರಗಿದ ಹಿಮದ ನೀರು ಸಣ್ಣ ತೊರೆಗಳಲ್ಲಿ ಬಂದು ಹೊಳೆಗೆ ಸೇರಿತ್ತು. ಅದಕ್ಕೇ ಹೇಳೋದು, ಹೊಸ ಫ್ಲೈ ಕೊಳ್ಳುವ ದುಡ್ಡಲ್ಲಿ ದಾರ ಕಟ್ಟಿದ ಒಂದು ನೀರಿನ ಥರ್ಮಾಮೀಟರ್ ತಗೊಳ್ಳಿ, ಗಂಟೆಗೊಮ್ಮೆ ನೋಡಿ. ಏರುತ್ತಿದ್ದರೆ ಅಲ್ಲೇ ನಿಲ್ಲಿ. ಇಳಿಯುತ್ತಿದ್ದರೆ ತೊರೆ ಸೇರುವ ಜಾಗ ಬಿಟ್ಟು ಅದಕ್ಕಿಂತ ಮೇಲಕ್ಕೆ ಹೋಗಿ. ಅಣೆಕಟ್ಟಿನ ತಳದಿಂದ ನೀರು ಬಿಡುವ ಹೊಳೆ ಹತ್ತಿರ ಇದ್ದರೆ ಇನ್ನೂ ಒಳ್ಳೇದು, ಅಲ್ಲಿ ನೀರಿನ ಬಿಸಿ ಅಷ್ಟು ಏರಿಳಿಯುವುದಿಲ್ಲ. ಆದರೆ ಯಾವ ಹೊತ್ತಿಗೆ ನೀರು ಬಿಡುತ್ತಾರೆ ಅಂತ ಮೊದಲೇ ತಿಳಿದುಕೊಂಡು ಇಳಿಯಿರಿ.

ಈಗ ಜಾಗ. ಬೇಸಿಗೆಯಲ್ಲಿ ಮೀನು ಸಿಕ್ಕ ಬಿಳಿನೊರೆಯ ಓಟದ ನೀರನ್ನು ಮರೆತುಬಿಡಿ. ಆ ಸೆಳವಿಗೆ ಎದುರಾಗಿ ನಿಲ್ಲಲು ಅದಕ್ಕೆ ಈಗ ಶಕ್ತಿ ಇಲ್ಲ. ಆಳದ ಮಡು, ಅದರಲ್ಲೂ ನಡೆಯುವ ವೇಗಕ್ಕಿಂತ ನಿಧಾನ ಹರಿಯುವ ಕಡೆ, ಸೆಳವಿಗೂ ನಿಂತ ನೀರಿಗೂ ನಡುವಿನ ಗೆರೆ ಕಾಣುತ್ತದಲ್ವಾ, ಅದರ ಒಳಬದಿ. ಒಂದು ಮೀನು ಸಿಕ್ಕರೆ ಅಲ್ಲೇ ಇನ್ನೂ ನಾಲ್ಕು ಇರುತ್ತವೆ, ಚಳಿಗೆ ಒಟ್ಟಿಗೆ ಸೇರಿರುತ್ತವೆ. ಊರೂರು ಸುತ್ತಬೇಡಿ, ಒಂದೇ ಮಡುವಿಗೆ ಒಂದು ಗಂಟೆ ಕೊಡಿ.

ಮತ್ತೆ ನಿಜವಾದ ಕೆಲಸ ಇರುವುದು ಆಳದಲ್ಲಿ. ಚಳಿಯ ಮೀನು ಊಟಕ್ಕಾಗಿ ಒಂದು ಮೀಟರ್ ಪಕ್ಕಕ್ಕೂ ಬರಲ್ಲ. ನಿಂಫ್, ಅಂದರೆ ನೀರಿನೊಳಗೆ ಮುಳುಗಿ ಹೋಗುವ ಫ್ಲೈ, ಅದರ ಮೂಗಿನ ಮುಂದೆಯೇ ಹೋಗಬೇಕು. ದಾರದಲ್ಲಿ ತೇಲುವ ಬೆಂಡಿನಿಂದ ಫ್ಲೈಗೆ ಇರುವ ದೂರ ನೀರಿನ ಆಳದ ಒಂದೂವರೆ ಪಟ್ಟು ಇಡಿ, ಫ್ಲೈಗೆ ಒಂದು ಗೇಣು ಮೇಲೆ ಸಣ್ಣ ಸೀಸದ ಗುಂಡು ಕಚ್ಚಿಸಿ. ಆಗಾಗ ತಳದ ಕಲ್ಲಿಗೆ ತಾಗಬೇಕು. ಒಮ್ಮೆಯೂ ತಾಗದಿದ್ದರೆ ಇನ್ನೊಂದು ಗುಂಡು. ನನ್ನ ಪ್ರಕಾರ ಆರು ಫ್ಲೈ ಬದಲಿಸುವ ಬದಲು ಆರು ಸಲ ಆಳ ಬದಲಿಸಿದ್ದರೆ ಬೆಳಗ್ಗೆಯೂ ಒಂದಾದರೂ ಸಿಗುತ್ತಿತ್ತು. ಬೀಸಿದ ಕೂಡಲೇ ದಾರವನ್ನು ಸೆಳವು ಬರುವ ದಿಕ್ಕಿಗೆ ಎತ್ತಿ ಹಾಕಿ, ಬೆಂಡಿನ ಪಕ್ಕದ ನೊರೆ ಗುಳ್ಳೆಗಳು ಹೋಗುವ ವೇಗದಲ್ಲೇ ಬೆಂಡೂ ಹೋಗಬೇಕು. ಗುಳ್ಳೆಯನ್ನು ಹಿಂದೆ ಹಾಕಿತು ಅಂದರೆ ದಾರ ಎಳೆಯುತ್ತಿದೆ ಅಂತ.

ಕಚ್ಚುವುದು ಹೇಗಿರುತ್ತದೆ ಗೊತ್ತಾ? ಬೆಂಡು ಮುಳುಗಲ್ಲ. ಹೋಗ್ತಾ ಹೋಗ್ತಾ ಒಂದು ಕ್ಷಣ ಏನೋ ಯೋಚನೆ ಬಂದ ಹಾಗೆ ನಿಲ್ಲುತ್ತದೆ, ಇಲ್ಲಾ ಒಂದು ಕಡೆ ಸ್ವಲ್ಪ ವಾಲುತ್ತದೆ. ಕಲ್ಲಿಗೆ ತಾಗಿತು ಅಂತ ಬಿಟ್ಟರೆ ಹೋಯಿತು. ಅನುಮಾನ ಬಂದಾಗಲೆಲ್ಲ ಮಣಿಕಟ್ಟಿನಲ್ಲೇ ಸಣ್ಣಗೆ ಎತ್ತಿ. ಜೋರಾಗಿ ಎಳೆದರೆ ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ತುದಿಯ ತೆಳು ದಾರ, ಕಿತ್ತುಹೋಗುತ್ತದೆ. ಈ ಕಾಲದಲ್ಲಿ ನೀರು ತಿಳಿಯಾಗಿರುವುದರಿಂದ 5ಎಕ್ಸ್ ಅಥವಾ 6ಎಕ್ಸ್ ಹಾಕಲೇಬೇಕು, ಅಂದರೆ 0.15 ಇಲ್ಲವೇ 0.13 ಮಿಲಿಮೀಟರ್ ದಪ್ಪ.

ಫ್ಲೈ ಕೇಳಿದ್ದೀರಿ, ಹೇಳದೆ ಬಿಟ್ಟರೆ ಬೇಜಾರಾಗುತ್ತೀರಿ. ಚಳಿಗಾಲದಲ್ಲೂ ಬಿಡದೆ ಹುಟ್ಟುವ ಹುಳ ಅಂದರೆ ಮಿಡ್ಜ್, ಸೊಳ್ಳೆ ತರಹದ್ದು. ಅದಕ್ಕೆ 18ರಿಂದ 22ನೇ ನಂಬರಿನ ಕೊಕ್ಕೆಗೆ ಕಟ್ಟಿದ ಜೀಬ್ರಾ ಮಿಡ್ಜ್ ಅನ್ನುವ ಫ್ಲೈ. ಜೊತೆಗೆ 16ರ ಫೆಸೆಂಟ್ ಟೇಲ್ ನಿಂಫ್. ಇಂಗ್ಲೆಂಡಿನಲ್ಲಿ ಏವನ್ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್ ಅದನ್ನು ನೂಲಿನ ಬದಲು ತಾಮ್ರದ ತಂತಿಯಲ್ಲೇ ಕಟ್ಟಿದ್ದು, ಬೇಗ ಮುಳುಗಲಿ ಅಂತ. ಈಗಲೂ ಅದೇ ಕಾರಣಕ್ಕೆ ಕೆಲಸ ಮಾಡುತ್ತದೆ. ಮೋಡ ಕವಿದು ಗಾಳಿ ಇಲ್ಲದ ಮಧ್ಯಾಹ್ನ ನೀರಿನ ಮೇಲೆ ಮೀನಿನ ಮೂಗು ಕಂಡರೆ 20ರ ಗ್ರಿಫಿತ್ಸ್ ನ್ಯಾಟ್ ಅನ್ನುವ ತೇಲುವ ಫ್ಲೈ ಬಿಡಿ. ಆ ಅರ್ಧ ಗಂಟೆಗಾಗಿಯೇ ನಾನು ಹೋಗುವುದು, ನಿಜ ಹೇಳಬೇಕೆಂದರೆ.

ಇಳಿಯುವಾಗ ಜೋಪಾನ. ಬ್ರೌನ್ ಟ್ರೌಟ್ ಮೊಟ್ಟೆ ಇಡುವುದು ಚಳಿಗಾಲದ ಹೊತ್ತಿಗೇ. ಸುತ್ತಲ ತಳಕ್ಕಿಂತ ತಿಳಿ ಬಣ್ಣದಲ್ಲಿ, ತೊಳೆದ ಹಾಗೆ ಕಾಣುವ ಜಲ್ಲಿಯ ತೇಪೆ ಕಂಡರೆ ಅದರ ಮೇಲೆ ಕಾಲಿಡಬೇಡಿ, ಕೆಳಗೆ ಮೊಟ್ಟೆ ಇರುತ್ತವೆ. ವೇಡರ್ (ನೀರಿಗಿಳಿಯಲು ಹಾಕುವ, ನೀರು ಒಳಬಿಡದ ಉಡುಪು) ಬೆಲ್ಟ್ ಬಿಗಿಯಾಗಿರಲಿ, ಒಂದು ಕೋಲು ಇರಲಿ, ಗಾಡಿಯಲ್ಲಿ ಒಂದು ಜೊತೆ ಒಣಬಟ್ಟೆ ಇರಲೇಬೇಕು. ಇಷ್ಟು ತಣ್ಣನೆ ನೀರಿಗೆ ಬಿದ್ದರೆ ಉಸಿರೇ ಕಟ್ಟುತ್ತದೆ, ಒಬ್ಬರೇ ಹೋಗಬೇಡಿ. ಒಳಗೆ ಹತ್ತಿಬಟ್ಟೆ ಬೇಡ, ಉಣ್ಣೆ ಹಾಕಿ. ಬೂಟಿನೊಳಗೆ ಎರಡು ಮೂರು ಕಾಲುಚೀಲ ತುರುಕಿದರೆ ರಕ್ತ ಓಡದೆ ಪಾದ ಇನ್ನೂ ತಣ್ಣಗಾಗುತ್ತದೆ.

ಮೀನು ಸಿಕ್ಕರೆ ಬರಿಗೈ ಒದ್ದೆ ಮಾಡಿಕೊಂಡು ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ, ತುದಿಯ ಹಿಮ್ಮುಳ್ಳನ್ನು ಒತ್ತಿ ಮಟ್ಟ ಮಾಡಿದ ಕೊಕ್ಕೆ ಆದರೆ ಎರಡು ಸೆಕೆಂಡಿನ ಕೆಲಸ. ಗಾಳಿ ಸೊನ್ನೆಗಿಂತ ಕೆಳಗಿದ್ದರೆ ಫೋಟೋಗೆ ಅಂತ ಮೇಲೆತ್ತಲೇಬೇಡಿ, ಕಿವಿರು ಹೆಪ್ಪುಗಟ್ಟಿ ಹಾಳಾಗುತ್ತದೆ. ಕೈ ಒರೆಸಲು ಒಣ ಟವೆಲ್ ಜೇಬಲ್ಲಿರಲಿ.

ರಾಡಿನ ಬಳೆಗಳಲ್ಲಿ ಐಸ್ ಕಟ್ಟಿದರೆ ಉಗುರಿನಿಂದ ಕೆರೆಯಬೇಡಿ, ತುದಿಯನ್ನು ನೀರಿನಲ್ಲಿ ಅದ್ದಿ, ಕರಗುತ್ತದೆ. ಮಧ್ಯಾಹ್ನ ಅದು ಮತ್ತೆ ಕಟ್ಟಲು ಶುರುವಾದರೆ ಮನೆಗೆ ಹೊರಡಿ. ಮುಂದಿನ ಸಲ ಹೋದಾಗ ಎಷ್ಟು ಗಂಟೆಗೆ ಎಷ್ಟು ಡಿಗ್ರಿ ಇತ್ತು ಅಂತ ಇಲ್ಲೇ ಬರೆದು ಹಾಕಿ, ಆಮೇಲೆ ಬೇಕಾದರೆ ಫ್ಲೈ ಬಗ್ಗೆ ಜಗಳ ಆಡೋಣ.