ಪತ್ತೇದಾರನೇ ಇಲ್ಲದ ಕೊಲೆ ಕತೆ

ಪ್ರಶ್ನೆ: ಅಗಾಥಾ ಕ್ರಿಸ್ಟಿಯವರ 'ಅಂಡ್ ದೆನ್ ದೇರ್ ವರ್ ನನ್' ಓದಿದೆ. ಅವರ ಪತ್ತೇದಾರ ಪ್ವಾರೊ ಈಗ ಬರ್ತಾನೆ, ಆಗ ಬರ್ತಾನೆ ಅಂತ ಕಾದೆ, ಬರಲೇ ಇಲ್ಲ. ಆದರೂ ರಾತ್ರಿ ಎರಡರ ತನಕ ಪುಸ್ತಕ ಕೆಳಗಿಡಲಿಲ್ಲ. ಯಾಕೆ ಹೀಗೆ?
– ಓದುಗರೊಬ್ಬರು, ಗದಗ

ಉತ್ತರ: ನಾನೂ ಕಾದಿದ್ದೆ ಬಿಡಿ. ಧಾರವಾಡದ ಮಳೆಗಾಲ, ಕರೆಂಟ್ ಹೋಗಿತ್ತು, ಪಡಸಾಲೆಯಲ್ಲಿ ಕಂದೀಲು ಇಟ್ಟುಕೊಂಡು ಓದುತ್ತಿದ್ದೆ. ಅಡುಗೆಮನೆಯಲ್ಲಿ ತಟ್ಟೆ ಬಿತ್ತು. ಬೆಕ್ಕು ಅಂತ ಗೊತ್ತಿದ್ದರೂ ಎದ್ದು ನೋಡುವ ಧೈರ್ಯ ಆಗಲಿಲ್ಲ!

ಪತ್ತೇದಾರ ಇದ್ದಾನೆ ಅಂದರೆ ಎಷ್ಟು ಹೆಣ ಬಿದ್ದರೂ ನಮಗೊಂದು ನೆಮ್ಮದಿ ಇರುತ್ತದೆ, ಅಲ್ವಾ? ಅವನು ಸಾಯುವುದಿಲ್ಲ, ಅವನೇ ಕೊಲೆಗಾರ ಆಗಿರುವುದಿಲ್ಲ, ಕೊನೆಗೆ ಎಲ್ಲರನ್ನೂ ಕೂಡಿಸಿ ಬಿಡಿಸಿ ಹೇಳುತ್ತಾನೆ. 1939ರ ಈ ಕಾದಂಬರಿಯಲ್ಲಿ ನಂಬೋಕೆ ಅಂಥ ಒಬ್ಬನೂ ಇಲ್ಲ. ಇಂಗ್ಲೆಂಡಿನ ಡೆವನ್ ತೀರದಾಚೆಯ ದ್ವೀಪ, ಹತ್ತು ಜನ, ದೋಣಿ ಬರುವುದಿಲ್ಲ. ಜಡ್ಜ್ ಇದ್ದಾರೆ, ಡಾಕ್ಟರ್ ಇದ್ದಾರೆ, ಮಾಜಿ ಪೊಲೀಸ್ ಕೂಡ ಇದ್ದಾನೆ. ಆದರೆ ಮೊದಲ ರಾತ್ರಿ ಊಟ ಆದ ಮೇಲೆ ಗ್ರಾಮಫೋನ್ ಒಬ್ಬೊಬ್ಬರ ಹೆಸರು ಹಿಡಿದು, ನೀವು ಇಂಥವರ ಸಾವಿಗೆ ಕಾರಣ ಅನ್ನುತ್ತದೆ. ಅಲ್ಲಿಗೆ ಅವರೂ ಆರೋಪಿಗಳ ಸಾಲಿಗೆ ಬಂದರು. ಪತ್ತೆ ಹಚ್ಚುವ ಕೆಲಸ ಸುಮ್ನೆ ನಮ್ಮ ತಲೆಗೇ ಬಂತು.

ನನ್ನನ್ನು ಜಾಸ್ತಿ ಹೆದರಿಸಿದ್ದು ಊಟದ ಮೇಜಿನ ಮೇಲಿನ ಹತ್ತು ಪಿಂಗಾಣಿ ಗೊಂಬೆಗಳು. ಒಬ್ಬರು ಸತ್ತರೆ ಒಂದು ಗೊಂಬೆ ಕಡಿಮೆ. ಎತ್ತಿದ್ದು ಯಾರು ಅಂತ ಯಾರೂ ನೋಡಿರುವುದಿಲ್ಲ, ಊಟಕ್ಕೆ ಕೂತವರ ಜೊತೆ ನಾವೂ ಎಣಿಸುತ್ತೇವೆ. ಆರು ಜನ ಉಳಿದಾಗ ಎಲ್ಲರ ಮನಸ್ಸಿನ ಮಾತನ್ನೂ ಹೆಸರು ಹಾಕದೆ ಸಾಲಾಗಿ ಕೊಡುತ್ತಾರಲ್ಲ, ಆ ಪುಟಗಳನ್ನು ಮತ್ತೆ ತೆಗೆದು ನೋಡಿ. ಕೊಲೆಗಾರನ ತಲೆಯೊಳಗೂ ಹೊಕ್ಕು ಬಂದಿರುತ್ತೇವೆ, ಗೊತ್ತೇ ಆಗಿರುವುದಿಲ್ಲ. ನನಗಂತೂ ಹೊಟ್ಟೆಕಿಚ್ಚಾಯಿತು.

ಇನ್ನು, ಯಾರೂ ಉಳಿಯುವುದಿಲ್ಲ ಅಂತ ಹೆಸರಲ್ಲೇ ಹೇಳಿಬಿಟ್ಟಿದ್ದಾರೆ. ಆದರೂ ಆ ಹತ್ತು ಜನರಲ್ಲಿ ಒಬ್ಬಳಾದ ವೆರಾ ಬದುಕಲಿ ಅಂತ ಅನಿಸುತ್ತದೆ. ಆಮೇಲೆ, ಮುಳುಗುತ್ತಾನೆ ಅಂತ ಗೊತ್ತಿದ್ದೂ ಅವಳು ಈಜಲು ಬಿಟ್ಟ ಆ ಹುಡುಗ ನೆನಪಾಗುತ್ತಾನೆ, ಪಾಪ ಅನ್ನೋಕೂ ಬಾಯಿ ಬರುವುದಿಲ್ಲ.

ಪ್ರಶ್ನೆ: ಇದೇ ಕತೆಯನ್ನು ನಮ್ಮ ಹವ್ಯಾಸಿ ತಂಡ ನಾಟಕ ಮಾಡಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಕ್ರಿಸ್ಟಿಯವರೇ ಮಾಡಿದ್ದಾರೆ, 1943ರಲ್ಲಿ. ಆದರೆ ಕೊನೆ ಬದಲಿಸಿದರು, ಇಬ್ಬರನ್ನು ಉಳಿಸಿದರು. ಎಲ್ಲರೂ ಸತ್ತರೆ ನಡೆದದ್ದನ್ನು ಸ್ಟೇಜ್ ಮೇಲೆ ಹೇಳುವವರು ಯಾರು? ಅನುಮತಿ ಮಾತ್ರ ಮೊದಲೇ ಕೇಳಿ. ಅವರು ತೀರಿಕೊಂಡಿದ್ದು 1976ರಲ್ಲಿ, ನಮ್ಮಲ್ಲಿ ಲೇಖಕರು ಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ. ಅನುಮತಿ ಸಿಕ್ಕರೆ ಮಾತು ಬಾಯಿಪಾಠ ಮಾಡುವುದಕ್ಕಿಂತ ಮೊದಲು ಗೊಂಬೆ ಎತ್ತುವುದನ್ನು ಪ್ರಾಕ್ಟೀಸ್ ಮಾಡಿ. ಮುಂದಿನ ಸಾಲಿನಲ್ಲಿ ಕೂತವರಿಗೂ ಆ ಕೈ ಕಾಣಬಾರದು.