ಓದುಗರ ಪ್ರಶ್ನೆ: ಅಮೆರಿಕದ ಸೇನೆಯಲ್ಲಿ ರಿಸರ್ವ್ ಸೇವೆಗೆ ಪೆನ್ಶನ್ ಲೆಕ್ಕ ಹೇಗೆ?

ಪ್ರಶ್ನೆ: ನಾವು ವರ್ಜೀನಿಯಾದಲ್ಲಿದ್ದೇವೆ. ನಮ್ಮ ಮನೆಯವರು 2005ರಲ್ಲಿ ಅಮೆರಿಕದ ಸೇನೆಗೆ ಸೇರಿ ನಾಲ್ಕು ವರ್ಷ ಪೂರ್ಣಾವಧಿ ಕೆಲಸ ಮಾಡಿದರು. ಆಮೇಲೆ ಅರೆಕಾಲಿಕವಾಗಿ ಸೇವೆ ಮಾಡುವ ಆರ್ಮಿ ರಿಸರ್ವ್‌ಗೆ ಬಂದರು. 2012ರಲ್ಲಿ ಜನವರಿಯಿಂದ ಸೆಪ್ಟೆಂಬರ್ ಕೊನೆವರೆಗೆ, 270 ದಿನ, ಅವರನ್ನು ಯುದ್ಧದ ಡ್ಯೂಟಿಗೆ ಕರೆಸಿಕೊಂಡಿದ್ದರು. ಈಗ 20 ವರ್ಷ ಮುಗಿದಿದೆ ಎಂಬ ಪತ್ರ ಬಂದಿದೆ. 20 ವರ್ಷಕ್ಕೆ ಅರ್ಧ ಸಂಬಳ ಪೆನ್ಶನ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಇವರಿಗೆ ಅಷ್ಟು ಬರುವುದಿಲ್ಲ, ಬರುವುದೂ 60 ಆದ ಮೇಲೆಯೇ ಅಂತ ಯೂನಿಟ್‌ನಲ್ಲಿ ಹೇಳಿದರಂತೆ. ಇದು ನಿಜವಾ? ಪತ್ರದ ಜೊತೆ ಒಂದು ಫಾರಂ ಇದೆ. ಸಹಿ ಹಾಕಿ ಕಳಿಸಿಬಿಡಬಹುದಾ?

ಉತ್ತರ: ಮೊದಲು ಫಾರಂ ವಿಷಯ. ದಯವಿಟ್ಟು ಓದದೆ ಸಹಿ ಹಾಕಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಯೂನಿಟ್‌ನವರು ಹೇಳಿದ್ದು ಬಹುಪಾಲು ಸರಿ. ಅರ್ಧ ಸಂಬಳದ ಲೆಕ್ಕ 20 ವರ್ಷ ಪೂರ್ತಿ ಆಕ್ಟಿವ್ ಡ್ಯೂಟಿ, ಅಂದರೆ ಪೂರ್ಣಾವಧಿ ಸೇವೆ, ಮಾಡಿದವರದ್ದು. ರಿಸರ್ವ್‌ನಲ್ಲಿ ವರ್ಷಗಳ ಲೆಕ್ಕ ಬೇರೆ, ಪಾಯಿಂಟ್‌ಗಳ ಲೆಕ್ಕ ಬೇರೆ. ವರ್ಷಗಳು ಪೆನ್ಶನ್ ಸಿಗುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡುತ್ತವೆ. ಎಷ್ಟು ಸಿಗುತ್ತದೆ ಅನ್ನುವುದು ಪಾಯಿಂಟ್‌ಗಳ ಮೇಲೆ. ಇವೆರಡನ್ನು ಬೆರೆಸಿಕೊಂಡೇ ಜನ ಗೊಂದಲಕ್ಕೆ ಬೀಳುವುದು, ಎಷ್ಟೋ ವರ್ಷ ಸೇವೆ ಮಾಡಿದವರೂ ಸೇರಿ.

ಒಂದು ವರ್ಷ ಲೆಕ್ಕಕ್ಕೆ ಬರಬೇಕಾದರೆ ಆ ವರ್ಷ ಕನಿಷ್ಠ 50 ಪಾಯಿಂಟ್ ಇರಬೇಕು. ಅದನ್ನು ಅಲ್ಲಿ ಗುಡ್ ಇಯರ್ ಅನ್ನುತ್ತಾರೆ. ಇಂಥ 20 ವರ್ಷ ಆದರೆ ನಿಮಗೆ ಬಂದಂಥ ಪತ್ರ ಬರುತ್ತದೆ. ಇಲ್ಲಿ ವರ್ಷ ಅಂದರೆ ಜನವರಿಯಿಂದ ಡಿಸೆಂಬರ್ ಅಲ್ಲ, ಸೇವೆ ಶುರುವಾದ ತಾರೀಖಿನಿಂದ ಮುಂದಿನ ವರ್ಷದ ಅದೇ ತಾರೀಖಿನ ತನಕ. ಇದು ಗೊತ್ತಿಲ್ಲದೆ ಡಿಸೆಂಬರ್ ತನಕ ಟೈಮ್ ಇದೆ ಅಂದುಕೊಂಡು 45 ಪಾಯಿಂಟ್‌ಗೆ ನಿಂತು ವರ್ಷವನ್ನೇ ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ.

ಪಾಯಿಂಟ್ ಬರುವುದು ಹೀಗೆ. ರಿಸರ್ವ್ ಪಟ್ಟಿಯಲ್ಲಿ ಹೆಸರು ಇದ್ದರೆ ಸಾಕು, ವರ್ಷಕ್ಕೆ 15. ಆಕ್ಟಿವ್ ಡ್ಯೂಟಿಯ ಒಂದು ದಿನಕ್ಕೆ ಒಂದು. ತಿಂಗಳಿಗೊಮ್ಮೆ ತರಬೇತಿಗೆ ಹೋಗುವ ಡ್ರಿಲ್ ವಾರಾಂತ್ಯ ತಗೊಳ್ಳಿ: ಶನಿವಾರ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಭಾನುವಾರ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಪ್ರತಿಯೊಂದೂ ಕನಿಷ್ಠ ನಾಲ್ಕು ಗಂಟೆ. ಎರಡು ದಿನಕ್ಕೆ ನಾಲ್ಕು ಪಾಯಿಂಟ್, ವರ್ಷಕ್ಕೆ 48. ವಾರ್ಷಿಕ ತರಬೇತಿಯ ಎರಡು ವಾರಕ್ಕೆ ಸುಮಾರು 15. ಒಟ್ಟು 78 ಆಯಿತು. ಡ್ರಿಲ್ ಮತ್ತು ಸದಸ್ಯತ್ವದಂಥ ಪಾಯಿಂಟ್‌ಗಳಿಗೆ ವರ್ಷಕ್ಕೆ ಒಂದು ಮಿತಿ ಇದೆ. ಈಗ ಅದು 130. ಹಿಂದೆ ಇನ್ನೂ ಕಡಿಮೆ ಇತ್ತು, 1996ಕ್ಕೆ ಮುಂಚೆ ಬರೀ 60. ಆಕ್ಟಿವ್ ಡ್ಯೂಟಿ ದಿನಗಳಿಗೆ ಈ ಮಿತಿ ಇಲ್ಲ.

ಈಗ ನಿಮ್ಮವರ ಲೆಕ್ಕವನ್ನೇ ಹಾಕೋಣ. 2005ರಿಂದ 2009 ನಾಲ್ಕು ವರ್ಷ, ಅಂದರೆ 1461 ದಿನ, 1461 ಪಾಯಿಂಟ್. ರಿಸರ್ವ್‌ನ 15 ವರ್ಷ ತಲಾ 78 ಅಂತ ಇಟ್ಟುಕೊಂಡರೆ 1170. ಡ್ಯೂಟಿಗೆ ಕರೆಸಿಕೊಂಡ ವರ್ಷ 270, ಜೊತೆಗೆ ಸದಸ್ಯತ್ವದ 15, ಉಳಿದ ತಿಂಗಳ ಡ್ರಿಲ್ ಒಂದು 12, ಒಟ್ಟು 297. ಎಲ್ಲ ಸೇರಿ 2928. ಇದನ್ನು 360ರಿಂದ ಭಾಗಿಸಿ. 8.13 ವರ್ಷ ಬಂತು. ಸೇನೆಯ ಕಣ್ಣಿಗೆ ಅವರ 20 ವರ್ಷ ಎಂಟು ವರ್ಷ ಚಿಲ್ಲರೆಗೆ ಸಮ. ಒಂದು ವರ್ಷಕ್ಕೆ ಶೇ. 2.5ರಂತೆ ಶೇ. 20.33 ಆಗುತ್ತದೆ. ಅತಿ ಹೆಚ್ಚು ಮೂಲ ವೇತನದ 36 ತಿಂಗಳ ಸರಾಸರಿ 6000 ಡಾಲರ್ ಅಂದುಕೊಂಡರೆ ತಿಂಗಳಿಗೆ 1220 ಡಾಲರ್, ತೆರಿಗೆಗೆ ಮುಂಚೆ. 2018ರಲ್ಲಿ ಹೊಸ ಪೆನ್ಶನ್ ಪದ್ಧತಿಗೆ ಬದಲಾಗಿದ್ದರೆ ಶೇ. 2.5 ಬದಲು ಶೇ. 2 ಹಿಡಿಯಬೇಕು. ಆಗ 976 ಡಾಲರ್, ಆದರೆ ಉಳಿತಾಯ ಖಾತೆಗೆ ಸರ್ಕಾರ ಹಾಕಿದ ದುಡ್ಡು ಬೇರೆ ಇರುತ್ತದೆ. ಅವರು ಬದಲಾಗಿದ್ದರಾ ಅಂತ ಕೇಳಿ ನೋಡಿ.

ಗಮನಿಸಿ, ಆ ನಾಲ್ಕು ವರ್ಷದ ಪಾಯಿಂಟ್ ರಿಸರ್ವ್‌ನ 15 ವರ್ಷದ ಪಾಯಿಂಟ್‌ಗಿಂತ ಜಾಸ್ತಿ. ಅದಕ್ಕೇ ಹೇಳುವುದು, ಆಕ್ಟಿವ್ ಡ್ಯೂಟಿಯ ಒಂದು ವಾರವೂ ದಾಖಲೆಯಿಂದ ಬಿಟ್ಟುಹೋಗಬಾರದು. ಪಾಯಿಂಟ್ ಪಟ್ಟಿ ತರಿಸಿಕೊಂಡು ಒಂದೊಂದೇ ಸಾಲು ನೋಡಿ. 2012ರ ಸಾಲಿನಲ್ಲಿ 270 ಇದೆಯಾ? ಬರೀ 15 ಇದ್ದರೆ ಆ ಡ್ಯೂಟಿ ಪಟ್ಟಿಗೆ ಏರಿಯೇ ಇಲ್ಲ ಅಂತ ಅರ್ಥ. ಡಿಡಿ 214 ಅನ್ನುವ ಬಿಡುಗಡೆ ಪತ್ರ, ಕರೆಸಿಕೊಂಡ ಆದೇಶ, ಆಗಿನ ಸಂಬಳದ ಚೀಟಿ, ಇವನ್ನು ಕೊಟ್ಟು ಸರಿ ಮಾಡಿಸಬೇಕು. ಈಗಲೇ ಮಾಡಿಸಿ. 60ಕ್ಕೆ ಹತ್ತಿರ ಬಂದಾಗ ಹಳೆ ಕಾಗದ ಹುಡುಕುವ ಕಷ್ಟ ಯಾರಿಗೂ ಬೇಡ.

ವಯಸ್ಸಿನ ವಿಷಯದಲ್ಲಿ ನಿಮಗೆ ಒಂದು ಒಳ್ಳೆ ಸುದ್ದಿ ಇದೆ. 2008ರ ಜನವರಿ 28ರ ನಂತರ ಹೀಗೆ ಕರೆಸಿಕೊಂಡ ಡ್ಯೂಟಿಯ ಪ್ರತಿ 90 ದಿನಕ್ಕೆ 60ರಲ್ಲಿ ಮೂರು ತಿಂಗಳು ಕಡಿಮೆಯಾಗುತ್ತದೆ. 50ಕ್ಕಿಂತ ಕೆಳಗೆ ಮಾತ್ರ ಇಳಿಯುವುದಿಲ್ಲ. ಮೊದಲು ಆ 90 ದಿನ ಒಂದೇ ಹಣಕಾಸು ವರ್ಷದೊಳಗೆ, ಅಂದರೆ ಅಕ್ಟೋಬರ್‌ನಿಂದ ಸೆಪ್ಟೆಂಬರ್ ಒಳಗೆ, ಬರಬೇಕಿತ್ತು. ನಿಮ್ಮವರ 270 ದಿನ ಪೂರ್ತಿ ಒಂದೇ ವರ್ಷದೊಳಗಿದೆ. ಹಾಗಾಗಿ ಒಂಬತ್ತು ತಿಂಗಳು ಇಳಿದು 59 ವರ್ಷ ಮೂರು ತಿಂಗಳಿಗೇ ಪೆನ್ಶನ್ ಶುರುವಾಗಬೇಕು. ಆದೇಶದ ಕಾಗದದಲ್ಲಿ ಯಾವ ಕಲಂ ಕೆಳಗೆ ಕರೆದರು ಅಂತ ಬರೆದಿರುತ್ತದೆ, ಅದನ್ನೂ ತೋರಿಸಿ ಖಚಿತ ಮಾಡಿಕೊಳ್ಳಿ. ಆದರೆ ನಿವೃತ್ತರಿಗೆ ಸಿಗುವ ಟ್ರೈಕೇರ್ ಆರೋಗ್ಯ ಸೌಲಭ್ಯ ಇದರ ಜೊತೆ ಮುಂದೆ ಬರುವುದಿಲ್ಲ. ಅದಕ್ಕೆ 60 ಆಗಲೇಬೇಕು.

ಈಗ ಫಾರಂ. ಅದು ಡಿಡಿ 2656-5 ಆಗಿದ್ದರೆ, ಅವರಿಗೆ ಏನಾದರೂ ಆದರೆ ನಿಮಗೆ ಏನು ಸಿಗುತ್ತದೆ ಅನ್ನುವುದರ ಫಾರಂ. ಕೇಳಲು ಬೇಸರದ ಮಾತು, ಆದರೂ ಕೇಳಿ. ಮೂರು ಆಯ್ಕೆ ಇವೆ. ಎ ಅಂದರೆ ಈಗ ಬೇಡ, ಪೆನ್ಶನ್ ಶುರುವಾಗುವಾಗ ನೋಡೋಣ. ಅದಕ್ಕೆ ಮುಂಚೆ ಅವರು ತೀರಿಕೊಂಡರೆ ನಿಮಗೆ ಒಂದು ಡಾಲರ್ ಕೂಡ ಬರುವುದಿಲ್ಲ. ಬಿ ಅಂದರೆ ಅವರಿಗೆ 60 ತುಂಬಬೇಕಿದ್ದ ದಿನದಿಂದ ನಿಮಗೆ ಬರುತ್ತದೆ. ಸಿ ಅಂದರೆ ತಕ್ಷಣದಿಂದ. ಪತ್ರ ಬಂದ 90 ದಿನದೊಳಗೆ ಉತ್ತರ ಕೊಡದಿದ್ದರೆ ಮದುವೆಯಾದವರಿಗೆ ತಾನಾಗಿ ಸಿ ಅಂತ ಆಗುತ್ತದೆ. ಎ ಆರಿಸಬೇಕಾದರೆ ನಿಮ್ಮ ಒಪ್ಪಿಗೆ ಸಹಿ ಬೇಕೇ ಬೇಕು. ಫಾರಂನಲ್ಲಿ ಹೆಂಡತಿ ಸಹಿ ಅಂತ ಇರುವ ಜಾಗ ಅದಕ್ಕೇ. ಸುಮ್ನೆ ಬೆರಳು ತೋರಿಸಿದ ಕಡೆ ಸಹಿ ಮಾಡಬೇಡಿ. ಸಿ ಆರಿಸಿದರೂ ಈಗ ಕೈಯಿಂದ ಏನೂ ಕಟ್ಟಬೇಕಿಲ್ಲ, ಮುಂದೆ ಪೆನ್ಶನ್‌ನಲ್ಲಿ ಕಡಿತ ಮಾಡಿಕೊಳ್ಳುತ್ತಾರೆ. ನಿಮಗೆ ನಿಮ್ಮದೇ ಒಳ್ಳೆ ಆದಾಯ, ಉಳಿತಾಯ ಇಲ್ಲ ಅಂದರೆ ನಾನು ಸಿ ಅನ್ನುತ್ತೇನೆ.

ಪ್ರಶ್ನೆ: ಆರು ವರ್ಷ ರಿಸರ್ವ್‌ನಲ್ಲಿದ್ದು ಆಮೇಲೆ ಆಕ್ಟಿವ್ ಡ್ಯೂಟಿಗೆ ಬಂದೆ. ಈಗ ಟೆಕ್ಸಸ್‌ನಲ್ಲಿದ್ದೇನೆ, 12 ವರ್ಷ ಆಗಿದೆ. 20 ಮುಗಿಸಿ ನಿವೃತ್ತಿಯಾಗುವ ಯೋಚನೆ. ರಿಸರ್ವ್‌ನ ಆರು ವರ್ಷ ದಂಡ ಅಂತ ಜೊತೆಯವರು ಹೇಳುತ್ತಾರೆ. ಹೌದಾ?

ಉತ್ತರ: ದಂಡ ಅಲ್ಲ. 20 ವರ್ಷ ಮುಗಿಸುವ ಲೆಕ್ಕಕ್ಕೆ ಡ್ರಿಲ್ ವಾರಾಂತ್ಯ ಬರುವುದಿಲ್ಲ, ಅಷ್ಟು ಮಾತ್ರ ನಿಜ. ಆ ಆರು ವರ್ಷದಲ್ಲಿ ಮಾಡಿದ ಬೇಸಿಕ್ ಟ್ರೈನಿಂಗ್, ವಾರ್ಷಿಕ ತರಬೇತಿಯಂಥ ಆಕ್ಟಿವ್ ದಿನಗಳು ಅದಕ್ಕೂ ಸೇರುತ್ತವೆ.

ಉಳಿದ ಪಾಯಿಂಟ್‌ಗಳು ನಿವೃತ್ತಿ ದಿನ ಶೇಕಡಾ ಲೆಕ್ಕದಲ್ಲಿ ಬಂದು ಸೇರುತ್ತವೆ. ವರ್ಷಕ್ಕೆ ಡ್ರಿಲ್ 48, ಸದಸ್ಯತ್ವ 15, ಒಟ್ಟು 63. ಆರು ವರ್ಷಕ್ಕೆ 378, ಅಂದರೆ 360ರಿಂದ ಭಾಗಿಸಿದರೆ 1.05 ವರ್ಷ. ಹಳೆ ಪದ್ಧತಿಯವರಾದರೆ ಶೇ. 2.6 ಚಿಲ್ಲರೆ ಜಾಸ್ತಿ ಬರುತ್ತದೆ, ಜೀವನಪೂರ್ತಿ.

ಅದಕ್ಕಿಂತ ದೊಡ್ಡ ಲಾಭ ವೇತನ ಪಟ್ಟಿಯಲ್ಲಿದೆ. ಸಂಬಳದ ಹಿರಿತನಕ್ಕೆ ರಿಸರ್ವ್‌ನ ಆರು ವರ್ಷ ಪೂರ್ತಿ ಆರಾಗಿಯೇ ಎಣಿಕೆಯಾಗುತ್ತದೆ. ಆಕ್ಟಿವ್‌ನಲ್ಲಿ 20 ಮುಗಿಸುವಾಗ ನೀವು ಪಟ್ಟಿಯ 26 ವರ್ಷದ ಕಾಲಂ ಹತ್ತಿರ ಬಂದಿರುತ್ತೀರಿ. ಇದು ರ‍್ಯಾಂಕ್ ಮೇಲೆ ನಿಂತಿದೆ. ಇ-7 ಅನ್ನುವ ವೇತನ ದರ್ಜೆಗೆ 26ರಲ್ಲಿ ಒಳ್ಳೆ ಏರಿಕೆ ಇದೆ. ಅದರ ಕೆಳಗಿನ ಇ-6ಗೆ 18 ದಾಟಿದ ಮೇಲೆ ಹಿರಿತನದ ಏರಿಕೆ ನಿಂತುಹೋಗುತ್ತದೆ. ಇನ್ನೊಂದು ಮಾತು, ಸರಾಸರಿ 36 ತಿಂಗಳದ್ದು. 26 ಮುಟ್ಟಿದ ಮರುದಿನವೇ ಹೊರಟರೆ ಆ ಏರಿಕೆ ಸರಾಸರಿಗೆ ಸೇರುವುದೇ ಇಲ್ಲ. ಹೊರಡುವ ತಾರೀಖು ಹಾಕುವ ಮುಂಚೆ ಎರಡು ಮೂರು ತಾರೀಖಿಗೆ ಲೆಕ್ಕ ಮಾಡಿ ನೋಡಿ.

ಪ್ರಶ್ನೆ: 20 ಗುಡ್ ಇಯರ್ ಮುಗಿದಿದೆ, ವಯಸ್ಸು 46. ಇನ್ನು ಡ್ರಿಲ್ ಸಾಕು ಅನ್ನಿಸಿದೆ. ಪೂರ್ತಿ ಬಿಡುಗಡೆ ತಗೊಳ್ಳಲಾ, ಡ್ರಿಲ್ ಇಲ್ಲದೆ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯುವ ರಿಟೈರ್ಡ್ ರಿಸರ್ವ್‌ಗೆ ಹೋಗಲಾ?

ಉತ್ತರ: ರಿಟೈರ್ಡ್ ರಿಸರ್ವ್‌ಗೆ ಹೋಗಿ. ಪೂರ್ತಿ ಬಿಡುಗಡೆ ತಗೊಂಡರೆ ಪೆನ್ಶನ್ ಹಕ್ಕು ಹೋಗುವುದಿಲ್ಲ, ಆದರೆ ಸರಾಸರಿ ವೇತನ ಬಿಟ್ಟ ದಿನದ ಹಿಂದಿನ 36 ತಿಂಗಳಿಗೇ ನಿಂತುಬಿಡುತ್ತದೆ. ರಿಟೈರ್ಡ್ ರಿಸರ್ವ್‌ನಲ್ಲಿದ್ದರೆ ಪೆನ್ಶನ್ ಶುರುವಾಗುವ ಹೊತ್ತಿನ ವೇತನ ಪಟ್ಟಿ ಹಿಡಿಯುತ್ತಾರೆ. ಮನೆಯಲ್ಲಿ ಕೂತ ಈ 14 ವರ್ಷ ಸಂಬಳದ ಹಿರಿತನಕ್ಕೂ ಸೇರುತ್ತದೆ. ಹೊಸ ಪಾಯಿಂಟ್ ಮಾತ್ರ ಬರುವುದಿಲ್ಲ. ತುರ್ತಿನಲ್ಲಿ ವಾಪಸ್ ಕರೆಯುವ ಅಧಿಕಾರ ಸರ್ಕಾರಕ್ಕೆ ಇರುತ್ತದೆ, ಅದು ಗೊತ್ತಿರಲಿ.

ಪೆನ್ಶನ್ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಮನೆ ಬದಲಾಯಿಸಿದಾಗಲೆಲ್ಲ ಹೊಸ ವಿಳಾಸ ಕೊಡುತ್ತಿರಿ. 20 ವರ್ಷದ ಪತ್ರದ ಒಂದು ಪ್ರತಿ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿರಿ.