ಕಿತ್ತು ತಂದ ಚೆರ್ರಿ ಫ್ರೀಜರ್‌ನಲ್ಲಿ ಗಡ್ಡೆ ಕಟ್ಟದಿರಲು

ನಮಸ್ಕಾರ ಅಕ್ಕ. ಅಮೆರಿಕದ ಮಿಷಿಗನ್‌ನ ಟ್ರಾವರ್ಸ್ ಸಿಟಿ ಕಡೆಯ ತೋಟದಿಂದ ಸಿಹಿ, ಹುಳಿ ಎರಡೂ ಚೆರ್ರಿ ಕಿತ್ತು ತಂದಿದ್ದೀರಿ. ಹೋದ ವರ್ಷ ಫ್ರೀಜ್ ಮಾಡಿದ್ದು ಒಂದೇ ಗಡ್ಡೆಯಾಗಿತ್ತು, ಈ ಸಲ ಬೀಜ ತೆಗೆಯಬೇಕಾ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಹಣ್ಣನ್ನ ಕುದಿಯೋ ನೀರಲ್ಲಿ ಅದ್ದಿ ತೆಗೆಯಿರಿ ಅಂದಿದ್ದಾರಲ್ಲ, ಅದು ಬೇಡ. ಬೀನ್ಸ್, ಬಟಾಣಿಗೆ ಸರಿ. ಚೆರ್ರಿಗೆ ಹಾಗೆ ಮಾಡಿದರೆ ಸಿಪ್ಪೆ ಸಡಿಲಾಗಿ ಹಣ್ಣು ಅರ್ಧ ಬೆಂದುಹೋಗುತ್ತದೆ.

ಗಡ್ಡೆ ಕಟ್ಟೋಕೆ ಕಾರಣ ತೇವ. ತೊಳೆದಾಗ ಉಳಿದ ನೀರು, ಬೀಜ ತೆಗೆದ ತೂತಿನಿಂದ ಇಳಿದ ರಸ, ಎರಡೂ ಹೆಪ್ಪುಗಟ್ಟಿ ಹಣ್ಣುಗಳನ್ನ ಅಂಟಿಸಿಬಿಡುತ್ತವೆ.

ಮೊದಲು ಹುಳಿ ಚೆರ್ರಿಗೆ ಕೈ ಹಾಕಿ. ನಿಮ್ಮ ಕಡೆ ಸಿಗೋದು ಹೆಚ್ಚಾಗಿ ಮಾಂಟ್‌ಮೊರೆನ್ಸಿ ಅನ್ನೋ ತಳಿ. ಸಿಪ್ಪೆ ಕೆಂಪು, ಒಳಗೆ ತಿಳಿ ಹಳದಿ. ಅದು ತುಂಬಾ ಮೆತ್ತಗೆ, ಕೀಳುವಾಗಲೇ ತೊಟ್ಟು ಮರದಲ್ಲಿ ಉಳಿದು ಬರೀ ಹಣ್ಣು ಕೈಗೆ ಬರುತ್ತದೆ. ಪೆಟ್ಟು ಬಿದ್ದ ಕಡೆ ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. ದೊಡ್ಡ ತೋಟದವರು ಮರ ಅಲ್ಲಾಡಿಸಿ ಉದುರಿಸಿದ ಹಣ್ಣನ್ನ ನೇರವಾಗಿ ತಣ್ಣೀರಿನ ತೊಟ್ಟಿಗೆ ತುಂಬೋದು ಇದಕ್ಕೇ. ಮನೆಯಲ್ಲೂ ಐಸ್ ಹಾಕಿದ ನೀರಲ್ಲಿ ಒಂದು ಗಂಟೆ ಬಿಡಿ. ಹಣ್ಣು ಬಿಗಿಯಾಗುತ್ತದೆ, ಬೀಜ ತೆಗೆಯುವಾಗ ರಸ ಕಡಿಮೆ ಹೋಗುತ್ತದೆ. ಸಿಹಿ ಚೆರ್ರಿ ಒಂದೆರಡು ದಿನ ಕಾದೀತು. ತೊಳೆಯದೆ, ತೊಟ್ಟು ಕೀಳದೆ ಫ್ರಿಜ್ಜಲ್ಲಿಡಿ ಅಷ್ಟೆ.

ಬೀಜ ಖಂಡಿತ ತೆಗೆಯಿರಿ. ಬಿಟ್ಟರೂ ಫ್ರೀಜ್ ಆಗುತ್ತದೆ, ಆದರೆ ತಿಂಗಳುಗಟ್ಟಲೆ ಇಟ್ಟಾಗ ಹಣ್ಣಿಗೆ ಬಾದಾಮಿಯಂಥ ವಾಸನೆ ಹತ್ತುತ್ತದೆ. ಅದಕ್ಕಿಂತ ಮುಖ್ಯ, ಅವಸರದಲ್ಲಿ ಯಾರಾದರೂ ಬೀಜದ ಸಮೇತ ಮಿಕ್ಸಿಗೆ ಹಾಕಿಬಿಟ್ಟರೆ? ಚೆರ್ರಿ ಬೀಜ ಪುಡಿಯಾದರೆ ಸಯನೈಡ್ ಹುಟ್ಟುತ್ತದೆ, ಒಳ್ಳೇದಲ್ಲ. ಬೀಜ ತೆಗೆಯೋ ಸಾಧನ (ಪಿಟ್ಟರ್) ಇಲ್ಲದಿದ್ದರೆ ಹೇರ್‌ಪಿನ್ ಸಾಕು. ಬಾಗಿದ ತುದಿಯನ್ನ ತೊಟ್ಟಿನ ಜಾಗದಲ್ಲಿ ಇಳಿಸಿ, ಬೀಜದ ಕೆಳಗೆ ಸಿಕ್ಕಿಸಿ ಮೇಲಕ್ಕೆ ಎತ್ತಿ. ಹಳೇ ಬಟ್ಟೆ ಹಾಕಿಕೊಳ್ಳಿ, ಸಿಂಕ್ ಒಳಗೇ ಮಾಡಿ. ಸಿಹಿ ಚೆರ್ರಿಯ ಕಲೆ ಸುಲಭಕ್ಕೆ ಹೋಗಲ್ಲ.

ಆಮೇಲೆ ಜರಡಿಯಲ್ಲಿ ಹತ್ತು ನಿಮಿಷ ಸೋರಹಾಕಿ. ಕೆಳಗೆ ಪಾತ್ರೆ ಇಡಿ, ಆ ರಸ ಶರಬತ್ತಿಗಾಗುತ್ತದೆ. ಹಣ್ಣನ್ನ ಕಾಟನ್ ಬಟ್ಟೆಯ ಮೇಲೆ ಹರಡಿ ಒತ್ತದೆ ಒರೆಸಿ. ತಟ್ಟೆಗೆ ಬಟರ್ ಪೇಪರ್ ಹಾಸಿ, ಒಂದಕ್ಕೊಂದು ತಾಗದ ಹಾಗೆ ಒಂದೇ ಪದರದಲ್ಲಿ ಜೋಡಿಸಿ, ರಾತ್ರಿಯೆಲ್ಲ ಫ್ರೀಜರ್‌ನಲ್ಲಿಡಿ. ಬೆಳಗ್ಗೆ ಗೋಲಿಗಳ ಹಾಗೆ ಬಿಡಿಬಿಡಿಯಾಗಿರುತ್ತವೆ. ಆಗ ಜಿಪ್‌ಲಾಕ್ ಚೀಲಕ್ಕೆ ತುಂಬಿ, ಗಾಳಿ ಪೂರ್ತಿ ಒತ್ತಿ ತೆಗೆದು, ತಾರೀಖು ಬರೆಯಿರಿ. ಗಾಳಿ ಉಳಿದರೆ ಹಣ್ಣು ಒಣಗಿ ಬೆಳ್ಳಗಾಗುತ್ತದೆ. ತಂದಿದ್ದನ್ನೆಲ್ಲ ಒಂದೇ ಸಲ ತುರುಕಬೇಡಿ. ಫ್ರೀಜರ್ ಬಿಸಿಯಾಗಿ, ಹಣ್ಣು ನಿಧಾನಕ್ಕೆ ಗಟ್ಟಿಯಾದರೆ ಒಳಗೆ ದೊಡ್ಡ ಐಸ್ ಹರಳು ಬೆಳೆದು ತಿರುಳು ಒಡೆಯುತ್ತದೆ. ಕರಗಿಸಿದಾಗ ಬರೀ ನೀರು. ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 18 ಸೆಲ್ಸಿಯಸ್‌ನಲ್ಲಿ ಮುಂದಿನ ಸೀಸನ್ ತನಕ ಚೆನ್ನಾಗಿರುತ್ತದೆ.

ಪೈ (ಹಿಟ್ಟಿನ ಹಾಳೆಯೊಳಗೆ ಹಣ್ಣು ತುಂಬಿ ಬೇಯಿಸೋ ಸಿಹಿ ತಿನಿಸು) ಮಾಡೋದಿದ್ದರೆ ಹುಳಿ ಚೆರ್ರಿಗೆ ಇನ್ನೊಂದು ದಾರಿ ಇದೆ. ಬೀಜ ತೆಗೆದ 4 ಕಪ್ ಹಣ್ಣಿಗೆ ಮುಕ್ಕಾಲು ಕಪ್ ಸಕ್ಕರೆ ಹಾಕಿ, ಕರಗೋ ತನಕ ಕಲಸಿ ಡಬ್ಬಿಗೆ ತುಂಬಿ. ಬಣ್ಣ ಚೆನ್ನಾಗಿ ಉಳಿಯುತ್ತದೆ. ಮೇಲೆ ಅರ್ಧ ಇಂಚು ಜಾಗ ಬಿಡಿ, ರಸ ಹೆಪ್ಪುಗಟ್ಟಿದಾಗ ಉಬ್ಬುತ್ತದೆ.

ಆದರೆ ಎಲ್ಲಕ್ಕೂ ಸಕ್ಕರೆ ಹಾಕಬೇಡಿ ಅಕ್ಕ, ಒಂದೆರಡು ಚೀಲ ಸುಮ್ನೆ ಹಾಗೇ ಇರಲಿ. ಹುಳಿ ಚೆರ್ರಿ ಗೊಜ್ಜಿಗೆ ಅದೇ ಬೇಕು. ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆಗೆ ಹೆಪ್ಪುಗಟ್ಟಿದ ಹಣ್ಣನ್ನೇ ಸುರಿಯಿರಿ, ಮುಂಚೆ ಕರಗಿಸೋದು ಬೇಡ. ಐಸ್ ಇರುತ್ತದೆ, ಚಟಪಟ ಸಿಡಿಯುತ್ತದೆ, ಸ್ವಲ್ಪ ದೂರ ನಿಂತುಕೊಳ್ಳಿ. ಉಪ್ಪು, ಬೆಲ್ಲ, ಸಾರಿನ ಪುಡಿ ಹಾಕಿ ರಸ ಇಂಗಿಸಿ. ಹುಣಸೆಹಣ್ಣು ಬೇಕಾಗಲ್ಲ.